ತಾನಾಗಿ ಬಿಟ್ಟ ಕೆಲಸ

ಆ ದಿನ ದಾರ್ದೊ ಮಧ್ಯಾಹ್ನದ ಊಟದ ಹೊತ್ತಿಗೂ ಮುಂಚೆಯೇ ಮನೆಗೆ ಬಂದ. ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿತ್ತು, ಮಾಟೆ ಸೊಪ್ಪಿನ ಕಷಾಯ ಕುಡಿಯುವ ಸೋರೆ ಬುರುಡೆ ಕೈಯಲ್ಲಿತ್ತು. ಅವನ ಹೆಂಡತಿ ನಿಬಿಯಾ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಮಕ್ಕಳ ಬಿಳಿ ನಿಲುವಂಗಿಗೆ ಅಂಚು ಮಡಿಸುತ್ತಿದ್ದಳು. ಕೆಲಸಕ್ಕೆ ಹೋದ ದಿನ ಈ ಹೊತ್ತಿನಲ್ಲಿ ಗಂಡ ಬಾಗಿಲಲ್ಲಿ ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಏನ್ ಮಾರಾಯ, ಬಸ್ಸು ಕೆಟ್ಟೋಯ್ತಾ?"

"ಇಲ್ಲ."

"ಮತ್ತೆ? ಕೆಲಸದಿಂದ ತೆಗೆದ್‌ಬಿಟ್ರಾ?"

ಅವಳು ಕೇಳಿದ್ದು ತಮಾಷೆಗೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ತಲೆಯನ್ನೂ ಎತ್ತದೆ ಕೇಳಿದ್ದು. ದಾರ್ದೊ ದಾರಿಯುದ್ದಕ್ಕೂ ಏನು ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಎಂದು ಯೋಚಿಸುತ್ತಲೇ ಬಂದಿದ್ದ. ಅವಳೇ ಒಂದು ಬಾಗಿಲು ತೆರೆದುಕೊಟ್ಟ ಹಾಗಾಯಿತು. "ಹೂಂ" ಎಂದುಬಿಟ್ಟ. ಆ ಒಂದು ಹೂಂ ಎಂಬುದನ್ನು ವಾಪಸ್ಸು ತೆಗೆದುಕೊಳ್ಳುವ ಹೊತ್ತಿಗೆ ಚಳಿಗಾಲ ಮುಗಿದಿತ್ತು.

ನಾನು ಅವರ ಎದುರು ಮನೆಯವನು. ಇದರಲ್ಲಿ ಅರ್ಧವನ್ನು ಕಣ್ಣಾರೆ ಕಂಡೆ, ಉಳಿದರ್ಧವನ್ನು ದಾರ್ದೊ ಆಮೇಲೆ ಹೇಳಿದ.

ತಾಕ್ವಾರೆಂಬೊ ಪಟ್ಟಣದಿಂದ ಪಾಸೊ ಓಂದೊ ಕಡೆಯ ಹಳ್ಳಿಗಳಿಗೆ ಹೋಗುವ ಬಸ್ಸು ಅವನದು. ಕಂಪನಿ ಎಂದರೆ ದೊಡ್ಡದೇನಲ್ಲ. ದೊನ್ ಎಲ್ಬಿಯೊ ಎಂಬ ವಿಧುರ ಮುದುಕ, ಅವನ ಮೂರು ಬಸ್ಸು, ಒಂದು ತಗಡಿನ ಶೆಡ್ಡು. ಬೆಳಿಗ್ಗೆ ಬಸ್ಸಿನ ತುಂಬ ಶಾಲೆಯ ಮಕ್ಕಳು, ಶಿಕ್ಷಕಿ ಮಿರ್ತಾ, ಕೋಳಿ ಮರಿಗಳ ಡಬ್ಬ, ಔಷಧದ ಪೊಟ್ಟಣ. ಮಣ್ಣಿನ ರಸ್ತೆ, ನಡುವೆ ಹಳ್ಳಕ್ಕೆ ಕಟ್ಟಿದ ಒಂದು ಕಿರು ಸೇತುವೆ. ಕಟಕಟೆ ಇಲ್ಲ, ಬಸ್ಸಿನ ಗಾಲಿಗೂ ಅಂಚಿಗೂ ನಡುವೆ ಒಂದು ಗೇಣು ಜಾಗ ಮಾತ್ರ. ಸುಮಾರು ಇಪ್ಪತ್ತು ವರ್ಷ ದಾರ್ದೊ ಆ ಸೇತುವೆಯನ್ನು ಮಾತಾಡುತ್ತ, ನಗುತ್ತ ದಾಟಿದ್ದ.

ಕೆಲಸ ಬಿಟ್ಟದ್ದಕ್ಕೆ ಮೂರು ದಿನ ಮೊದಲು, ಎಚ್ಚರವಾದವನ ಹಾಗೆ ಕಣ್ಣು ಬಿಟ್ಟರೆ ಬಸ್ಸು ಆ ಸೇತುವೆಯ ಮೇಲೆ ನಿಂತಿದೆ. ಇಂಜಿನ್ ಓಡುತ್ತಿದೆ. ತಾನು ಯಾವಾಗ ನಿಲ್ಲಿಸಿದೆ, ತಿರುವು ಇಳಿದು ಇಲ್ಲಿಗೆ ಹೇಗೆ ಬಂದೆ, ಒಂದೂ ನೆನಪಿಲ್ಲ. ತಿರುವಿಗೆ ಮುಂಚಿನ ಬೇಲಿ ನೆನಪಿದೆ. ಅಲ್ಲಿಂದ ಮುಂದೆ ಖಾಲಿ. ಹಿಂದೆ ಮಕ್ಕಳು ಹಾಡುತ್ತಿದ್ದವು. ಮುಂದಿನ ಗಾಲಿ ಅಂಚಿನ ಕಲ್ಲನ್ನು ಮುಟ್ಟಿತ್ತು.

"ದಾರ್ದೊ, ಏನ್ರೀ, ದನ ಅಡ್ಡ ಬಂತಾ?" ಎಂದು ಮಿರ್ತಾ ಟೀಚರ್ ಕೇಳಿದಳು.

"ಹೂಂ, ದನ" ಎಂದ. ನಿಧಾನವಾಗಿ ಗಾಲಿ ಸರಿಮಾಡಿ ದಾಟಿಸಿದ. ಶಾಲೆಯ ಮುಂದೆ ಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸಿ ಇಳಿಸಿದ.

ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೋದರೆ ಲೈಸೆನ್ಸು ಹೋಗುತ್ತದೆ, ತಲೆ ಕೆಟ್ಟವನು ಎಂದು ಊರು ಆಡಿಕೊಳ್ಳುತ್ತದೆ ಎಂಬ ಭಯ. ಅವನ ಸೋದರಮಾವ ಒಬ್ಬ ಹೀಗೆ ಜ್ಞಾನ ತಪ್ಪಿ ಬಿದ್ದು ಒದ್ದಾಡುತ್ತಿದ್ದನಂತೆ. ಮನೆಯವರು ಅವನನ್ನು ಹಿಂದಿನ ಕೋಣೆಯಲ್ಲಿ ಇಟ್ಟು, ನೆಂಟರು ಬಂದರೆ ಬಾಗಿಲು ಮುಚ್ಚುತ್ತಿದ್ದರಂತೆ. ದಾರ್ದೊ ಹುಡುಗನಾಗಿದ್ದಾಗ ಆ ಬಾಗಿಲನ್ನು ನೋಡಿದ್ದ. ಹಾಗಾಗಿ ಎರಡು ದಿನ ಹುಷಾರಿಲ್ಲ ಎಂದು ಮಲಗಿದ್ದು, ಮೂರನೆಯ ದಿನ ನೇರ ಶೆಡ್ಡಿಗೆ ಹೋಗಿ ದೊನ್ ಎಲ್ಬಿಯೊನ ಮೇಜಿನ ಮೇಲೆ ಬಸ್ಸಿನ ಕೀಲಿ ಇಟ್ಟ.

"ಸಾಕಾಗಿದೆ ದೊನ್ ಎಲ್ಬಿಯೊ. ಇನ್ನು ನನ್ ಕೈಲಾಗಲ್ಲ."

ಮುದುಕ ಕನ್ನಡಕ ತೆಗೆದು ನೋಡಿದ. "ಯಾರು ಕರೀತಿದ್ದಾರೆ? ಆ ಬಸ್‌ಸ್ಟ್ಯಾಂಡಿನ ದೊಡ್ಡ ಕಂಪನಿಯೋರಾ?"

"ಯಾರೂ ಇಲ್ಲ."

"ನಾನೇನಾದ್ರೂ ಅಂದ್ನಾ? ಸಂಬಳ ಕಮ್ಮಿ ಆಯ್ತಾ? ಬಾಯಿ ಬಿಟ್ಟು ಹೇಳಪ್ಪ."

"ನೀವೇನೂ ಅಂದಿಲ್ಲ. ಸುಸ್ತು, ಅಷ್ಟೆ."

"ರಜ ತಗೋ. ಹದಿನೈದ್ ದಿನ ಮಲ್ಕೊ, ಮೀನ್ ಹಿಡಿ. ನಾನೇ ಓಡಿಸ್ತೀನಿ ಅಲ್ಲೀತನಕ."

ದಾರ್ದೊ ತಲೆ ಅಲ್ಲಾಡಿಸಿದ. ರಾಜೀನಾಮೆಗೆ ಸಹಿ ಹಾಕಿ ಹೊರಬಂದ. ಮುದುಕ ಎದ್ದು ಬಾಗಿಲವರೆಗೂ ಬಂದು ನಿಂತದ್ದು ಅವನಿಗೆ ಬೆನ್ನ ಹಿಂದೆಯೇ ಗೊತ್ತಾಯಿತು.

ಇಷ್ಟೆಲ್ಲ ಆಗಿ ಮನೆಗೆ ಬಂದವನು "ಹೂಂ" ಎಂದದ್ದು. ನಿಬಿಯಾ ಬಾಯಿಂದ ಗುಂಡುಸೂಜಿ ತೆಗೆದು ಒಂದೊಂದಾಗಿ ಸೂಜಿಮೆತ್ತೆಗೆ ಚುಚ್ಚಿದಳು.

"ಆ ಮುದುಕನಾ? ನಿನ್ನನ್ನಾ? ಕುಡಿದು ಬರ್ತಿದ್ದ ಆ ಡ್ರೈವರ್ ಇದ್ನಲ್ಲ, ಅವನನ್ನೇ ತೆಗೀದೆ ಬಸ್ ತೊಳೆಯೋಕೆ ಹಾಕ್ದೋನು, ನಿನ್ನನ್ನ ತೆಗೆದ್ನಾ?"

"ಜನ ಕಮ್ಮಿ ಅಂತೆ."

"ಇರ್ಲಿ ಬಿಡು. ಭತ್ಯೆ ಅಂತೂ ಬರುತ್ತಲ್ಲ. ನಾಳೇನೇ ಹೋಗೋಣ."

ಅವನು ಇದನ್ನು ಯೋಚಿಸಿರಲಿಲ್ಲ. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೆಲವು ತಿಂಗಳು ಭತ್ಯೆ ಕೊಡುತ್ತದೆ, ಸರಿ. ತಾನಾಗಿ ಬಿಟ್ಟವರಿಗೆ ಇಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಮಾರನೆಯ ದಿನ ತಲೆನೋವು ಎಂದ. ಅದರ ಮಾರನೆಯ ದಿನ ಮಳೆ ಎಂದ. ಆಮೇಲೆ ನಿಬಿಯಾ ಅವನ ಕೋಟನ್ನು ತಾನೇ ತಂದು ತೊಡಿಸಿ ಕರೆದುಕೊಂಡು ಹೋದಳು.

ಸಾಮಾಜಿಕ ವಿಮೆ ಕಚೇರಿಯ ಕೌಂಟರಿನಲ್ಲಿದ್ದವನು ಅವನ ಗುರುತಿನ ಚೀಟಿ ನೋಡಿ ಕಂಪ್ಯೂಟರ್ ನೋಡಿದ. "ನೀವಾಗಿ ಬಿಟ್ಟಿದ್ದೀರಿ ಅಂತ ಇದೆಯಲ್ಲ."

"ಯಾರ್ ಹೇಳಿದ್ದು?" ಎಂದಳು ನಿಬಿಯಾ.

"ಕಂಪನಿಯೋರು ಹಾಗೆ ಕಳಿಸಿದ್ದಾರಮ್ಮ. ತಾವಾಗಿ ಬಿಟ್ಟೋರಿಗೆ ಬರಲ್ಲ."

"ನೋಡಿದ್ಯಾ? ನೋಡಿದ್ಯಾ ಮುದುಕನ ಬುದ್ಧೀನ?" ಅವಳು ಗಂಡನ ಕಡೆ ತಿರುಗಿದಳು. "ತೆಗೆದ್ರೆ ಪರಿಹಾರ ಕೊಡಬೇಕಾಗುತ್ತೆ ಅಂತ ತಾನಾಗಿ ಬಿಟ್ಟ ಅಂತ ಬರೆದಿದ್ದಾನೆ. ನೀನೇನು ಬಾಯಿಗೆ ಕಡುಬು ತುಂಬ್ಕೊಂಡಿದ್ದೀಯಾ, ಹೇಳು ಇವರಿಗೆ."

ದಾರ್ದೊ ಕೌಂಟರಿನ ಮರದ ಮೇಲಿದ್ದ ಒಂದು ಗೀರನ್ನು ನೋಡುತ್ತಿದ್ದ. "ಮನೆಗೆ ಹೋಗೋಣ ನಿಬಿಯಾ" ಎಂದ. ಹಿಂದೆ ಸರತಿಯಲ್ಲಿದ್ದವರು ಪಾಪ ಎಂಬಂತೆ ನೋಡಿದರು. ಅವನ ಕಿವಿ ಕೆಂಪಾದದ್ದನ್ನು ಅವಳು ಸಿಟ್ಟು ಎಂದುಕೊಂಡಳು.

ಅವಳು ಮನೆಗೆ ಹೋಗಲಿಲ್ಲ. ನೇರ ಬಸ್‌ಸ್ಟ್ಯಾಂಡಿಗೆ ಹೋದಳು. ದೊನ್ ಎಲ್ಬಿಯೊ ಡ್ರೈವರ್ ಸಿಗದೆ ತಾನೇ ಪಾಸೊ ಓಂದೊ ಬಸ್ಸು ಓಡಿಸುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಮೆಟ್ಟಿಲ ಹತ್ತಿರ ನಿಂತು ಟಿಕೆಟ್ ಹರಿಯುತ್ತಿದ್ದ. ಬಸ್ಸಿನೊಳಗೆ ಜನ, ಹೊರಗೆ ಜನ. ನಿಬಿಯಾಳ ದನಿ ಹೇಗೆಂದು ನಮ್ಮ ಬೀದಿಗೆಲ್ಲ ಗೊತ್ತು.

"ನಿಮ್ಮ ಹೆಂಡತಿ ಸತ್ತಾಗ ನಿಮ್ಮನೆಗೆ ಊಟ ಹೊತ್ತವನು ನನ್ನ ಗಂಡ. ಅವನನ್ನ ಬೀದಿಗೆ ಹಾಕೋದಲ್ದೆ, ಅವನೇ ಬಿಟ್ಟ ಅಂತ ಸುಳ್ಳು ಬೇರೆ ಬರೀತೀರಾ? ನಾಚ್ಕೆ ಆಗಲ್ವಾ ದೊನ್ ಎಲ್ಬಿಯೊ?"

ಮುದುಕ ಟಿಕೆಟ್ ಪುಸ್ತಕ ಹಿಡಿದ ಹಾಗೇ ನಿಂತ. "ನಾನಾ ತೆಗೆದೆ? ಹಾಗಂದ್ನಾ ಅವನು?"

"ಅವನು ಹೇಳದೆ ನಂಗೆ ಕನಸು ಬಿತ್ತಾ?"

ಆತ ಟಿಕೆಟ್ ಪುಸ್ತಕವನ್ನು ಜೇಬಿಗಿಟ್ಟ. ಆಮೇಲೆ, "ಮನೆಗೆ ಹೋಗಿ ಅವನನ್ನ ಇನ್ನೊಂದ್ ಸಲ ಕೇಳು ತಾಯಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಹತ್ತುವಾಗ ಮೆಟ್ಟಿಲು ತಪ್ಪಿ ಕಂಬ ಹಿಡಿದುಕೊಂಡನಂತೆ. ನೋಡಿದವರು, ತಪ್ಪು ಮಾಡಿದವನ ಕಾಲು ನೆಟ್ಟಗೆ ನಿಲ್ಲೋದಿಲ್ಲ ಎಂದು ಮಾತಾಡಿಕೊಂಡರು.

ನಿಬಿಯಾ ಮತ್ತೆ ಕೇಳಲಿಲ್ಲ. ಗಂಡನನ್ನು ಅನುಮಾನಿಸುವುದೇ ಅವಳಿಗೆ ಅವಮಾನ ಅನ್ನಿಸಿತ್ತು. ಸಂಜೆಯೊಳಗೆ ವಿಷಯ ಬೀದಿ ತುಂಬಿತು. ನಾನೂ ಒಂದು ಹೊರೆ ಕಟ್ಟಿಗೆ ಹೊತ್ತು ಅವರ ಹಿತ್ತಲಿಗೆ ಹಾಕಿದೆ. ಮೂಲೆ ಅಂಗಡಿಯವಳು ಒಂದು ಚೀಲ ಮಾಟೆ ಸೊಪ್ಪು ಕಳಿಸಿದಳು. ಪಕ್ಕದ ಮನೆಯವರು ಮಳೆ ಬಂದ ದಿನ ಕೊಬ್ಬಿನಲ್ಲಿ ಕರಿದ ಬಿಸಿ ಹಿಟ್ಟಿನ ರೊಟ್ಟಿ ತಂದುಕೊಟ್ಟರು.

"ಧೈರ್ಯವಾಗಿರು ದಾರ್ದೊ" ಎಂದೆ ನಾನು. "ಮುದುಕ ಹೀಗೆ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ."

"ಬೇಡ ಮಾರಾಯ, ಕಟ್ಟಿಗೆ ವಾಪಸ್ ತಗೊಂಡ್ ಹೋಗು" ಎಂದ ಅವನು. ನಾನು ಅದನ್ನು ಸ್ವಾಭಿಮಾನ ಎಂದುಕೊಂಡೆ. ಈಗ ನೆನೆದರೆ ಆ ಮುಖದಲ್ಲಿದ್ದದ್ದು ಬೇರೆಯೇ. ಒಲೆಯ ಮುಂದೆ ಕೂತರೆ, ದೊನ್ ಎಲ್ಬಿಯೊಗೆ ಬೈದು ತಂದ ಬೆಂಕಿ ಇದು ಅನ್ನಿಸುತ್ತಿತ್ತಂತೆ.

ದೊನ್ ಎಲ್ಬಿಯೊನ ಬಸ್ಸಿಗೆ ಜನ ಕಡಿಮೆಯಾಗಲಿಲ್ಲ, ಆ ದಾರಿಗೆ ಬೇರೆ ಬಸ್ಸಿಲ್ಲವಲ್ಲ. ಆದರೆ ಹತ್ತುವಾಗ ಯಾರೂ ಅವನಿಗೆ ನಮಸ್ಕಾರ ಹೇಳುತ್ತಿರಲಿಲ್ಲ. ಶೆಡ್ಡಿನ ಗೋಡೆಯ ಮೇಲೆ ಯಾರೋ ಸುಣ್ಣದಲ್ಲಿ ಒಂದು ಕೆಟ್ಟ ಮಾತು ಬರೆದರು. ದಾರ್ದೊ ಕತ್ತಲಾದ ಮೇಲೆ ಬಕೆಟ್ಟು ಹಿಡಿದು ಅದನ್ನು ಒರೆಸಲು ಹೊರಟ. ತಿರುವಿನವರೆಗೂ ಹೋಗಿ, ಯಾರಾದರೂ ನೋಡಿದರೆ ಏನೆಂದು ಹೇಳುವುದು ಎಂದು ಹೊಳೆಯದೆ ವಾಪಸ್ಸು ಬಂದ.

ಡ್ರೈವರುಗಳ ಸಂಘದ ವಾಲ್ದೆಮಾರ್ ತಾನಾಗಿಯೇ ಮನೆಗೆ ಬಂದ. ದಪ್ಪ ಮೀಸೆಯ, ದೊಡ್ಡ ಗಂಟಲಿನ, ಒಳ್ಳೆಯ ಮನುಷ್ಯ. ಕಾರ್ಮಿಕ ಕಚೇರಿಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ವಿಚಾರಿಸುತ್ತಾರೆ, ಅಲ್ಲಿ ಮುದುಕನ ಬಣ್ಣ ಬಯಲಾಗುತ್ತದೆ ಎಂದ. ದಾರ್ದೊ ಬೇಡ ಎಂದ. ಎರಡು ಸಲ ಬೇಡ ಎಂದ.

"ನೀನು ತುಂಬಾ ಒಳ್ಳೆಯವನು ಕಣೋ, ಅದೇ ನಿನ್ನ ರೋಗ" ಎಂದು ವಾಲ್ದೆಮಾರ್ ಅವನ ಬೆನ್ನು ತಟ್ಟಿದ. ನಿಬಿಯಾ ಹೆಮ್ಮೆಯಿಂದ ಗಂಡನನ್ನು ನೋಡಿದಳು. ಆ ನೋಟವನ್ನು ಕಳೆದುಕೊಳ್ಳಲು ಅವನಿಗೆ ಆಗಲಿಲ್ಲ. ದೂರಿನ ಅರ್ಜಿಗೆ ಸಹಿ ಮಾಡಿದ.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ಐದು ಕುರ್ಚಿ, ಕಾಲ ಹತ್ತಿರ ಒಂದು ವಿದ್ಯುತ್ ಹೀಟರು. ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ, ನೆಗಡಿಯಾಗಿತ್ತು, ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು. ದೊನ್ ಎಲ್ಬಿಯೊ ವಕೀಲನನ್ನು ಕರೆತಂದಿರಲಿಲ್ಲ. ಹೆಂಡತಿಯ ಶವಸಂಸ್ಕಾರದಲ್ಲಿ ತೊಟ್ಟಿದ್ದ ಕರಿಯ ಕೋಟು ತೊಟ್ಟು, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದ. ಬಂದಾಗಿನಿಂದ ದಾರ್ದೊನ ಕಡೆ ನೋಡಿರಲಿಲ್ಲ.

ವಾಲ್ದೆಮಾರ್ ಮಾತಾಡಿದ. ಇಪ್ಪತ್ತು ವರ್ಷದ ಸೇವೆ, ಒಂದು ಅಪಘಾತ ಇಲ್ಲ, ಒಂದು ದೂರು ಇಲ್ಲ, ಮುದಿ ಎತ್ತನ್ನು ಹೊರಗೆ ಹಾಕಿದ ಹಾಗೆ ಹಾಕಿದರು ಎಂದ. ಒಂದು ಅಪಘಾತ ಇಲ್ಲ ಎನ್ನುವಾಗ ದಾರ್ದೊನ ಕೈ ಮೇಜಿನ ಕೆಳಗೆ ಇಳಿಯಿತು.

"ನೀವೇನಂತೀರಿ?" ಎಂದು ಅಧಿಕಾರಿ ಮುದುಕನನ್ನು ಕೇಳಿದಳು.

"ನಾನು ತೆಗೀಲಿಲ್ಲ. ಅವನೇ ಬಂದು ಕೀಲಿ ಇಟ್ಟ. ರಜ ತಗೋ ಅಂದೆ. ಇಲ್ಲ ಅಂದ."

"ಸುಳ್ಳು" ಎಂದಳು ನಿಬಿಯಾ.

"ನೀವು ಸುಮ್ನಿರಿ ಅಮ್ಮ" ಎಂದು ಅಧಿಕಾರಿ ಮೂಗು ಒರೆಸಿಕೊಂಡು ದಾರ್ದೊನ ಕಡೆ ತಿರುಗಿದಳು. "ನೀವು ಹೇಳಿ. ಆ ದಿನ ಏನಾಯ್ತು, ನಿಮ್ಮ ಬಾಯಿಂದಾನೇ ಹೇಳಿ."

ದಾರ್ದೊ ಬಾಯಿ ತೆರೆದ. ಮಾತು ಬರಲಿಲ್ಲ. ಹೀಟರು ಕಿರ್ರೆನ್ನುತ್ತಿತ್ತು. ಅವನಿಗೆ ಆಗ ಭಯವಾದದ್ದು ಸುಳ್ಳು ಸಿಕ್ಕಿಬೀಳುತ್ತದೆ ಎಂದಲ್ಲ, ಮತ್ತೆ ಹಾಗೇ ತಲೆ ಖಾಲಿಯಾಗುತ್ತಿದೆಯೇನೋ, ಎಲ್ಲರ ಮುಂದೆ, ಎಂದು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಖ ಬೆವೆತಿತ್ತು.

ದೊನ್ ಎಲ್ಬಿಯೊ ಮೊದಲ ಸಲ ಅವನನ್ನು ನೋಡಿದ. ಆಮೇಲೆ ಟೋಪಿ ತಿರುಗಿಸುತ್ತ ಹೇಳಿದ:

"ಬರ್ಕೊಳ್ಳಿ ತಾಯಿ. ನಾನೇ ತೆಗೆದೆ ಅಂತ ಬರ್ಕೊಳ್ಳಿ."

"ಏನು? ಈಗಷ್ಟೇ ಇಲ್ಲ ಅಂದ್ರಲ್ಲ."

"ವಯಸ್ಸಾಯ್ತು. ಮರೆವು. ಅವನಿಗೆ ಅದು ಅಷ್ಟೊಂದು ಬೇಕಾಗಿದ್ರೆ ತಗೊಳ್ಲಿ. ಕೊಡಬೇಕಾದ್ದು ಕೊಡ್ತೀನಿ, ಒಂದು ಬಸ್ಸು ಮಾರಿದ್ರಾಯ್ತು."

ವಾಲ್ದೆಮಾರ್ ಕುರ್ಚಿಗೆ ಒರಗಿದ. ನಿಬಿಯಾ ಗೆದ್ದವಳಂತೆ ಉಸಿರು ಬಿಟ್ಟಳು. ಅಧಿಕಾರಿ ಕೀಲಿಮಣೆಗೆ ಬೆರಳು ಹಾಕಿದಳು.

"ಬೇಡ" ಎಂದ ದಾರ್ದೊ.

ದನಿ ಅಷ್ಟು ಸಣ್ಣಗಿತ್ತೆಂದರೆ ಅಧಿಕಾರಿ ಮತ್ತೆ ಕೇಳಬೇಕಾಯಿತು.

"ಬರೀಬೇಡಿ. ಅವರು ತೆಗೀಲಿಲ್ಲ. ನಾನೇ ಬಿಟ್ಟೆ. ಅವರು ಹೇಳಿದ್ದೆಲ್ಲ ನಿಜ, ರಜ ತಗೋ ಅಂದಿದ್ದೂ ನಿಜ. ನಾನು... ಬಸ್ಸಲ್ಲಿ ನಂಗೆ ಮೈಮೇಲೆ ಜ್ಞಾನ ಇರ್ಲಿಲ್ಲ. ಸೇತುವೆ ಮೇಲೆ. ಮಕ್ಕಳೆಲ್ಲ ಇದ್ರು. ಹೇಗೆ ಅಲ್ಲೀತನಕ ಬಂದೆ ಗೊತ್ತಿಲ್ಲ. ಗಾಲಿ ಅಂಚಲ್ಲಿತ್ತು. ಅದಕ್ಕೇ ಬಿಟ್ಟೆ. ಹೇಳೋಕೆ ನಾಚ್ಕೆ ಆಯ್ತು."

ಅವನು ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅಧಿಕಾರಿ ಕೀಲಿಮಣೆಯಿಂದ ಕೈ ತೆಗೆದಳು. ಅವಳ ದನಿ ಮೆತ್ತಗಾಯಿತು.

"ಹಾಗಿದ್ರೆ ನೀವು ಇಲ್ಲಿಗಲ್ಲ ಬರಬೇಕಾಗಿದ್ದು, ಆಸ್ಪತ್ರೆಗೆ. ಮೊದಲು ಅಲ್ಲಿಗೆ ಹೋಗಿ. ನಿರುದ್ಯೋಗ ಭತ್ಯೆ ನಾನು ಕೊಡಿಸೋಕಾಗಲ್ಲ, ಬಿಟ್ಟಿದ್ದು ನೀವೇ. ಕಾಯಿಲೆ ಭತ್ಯೆ ಸಿಗುತ್ತಾ ಅಂತ ಆಮೇಲೆ ನೋಡಬಹುದು. ರಾಜೀನಾಮೆ ಕೊಟ್ಟಾಗಿದೆ, ಅದಕ್ಕೆ ಸ್ವಲ್ಪ ಕಷ್ಟ."

ಹೊರಗಿನ ಕಾರಿಡಾರಿನಲ್ಲಿ ದಾರ್ದೊ ಮುದುಕನ ಹಿಂದೆ ಹೋದ. "ದೊನ್ ಎಲ್ಬಿಯೊ, ಕ್ಷಮಿಸಿ..."

ಮುದುಕ ಟೋಪಿ ಹಾಕಿಕೊಂಡ. "ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಕಾಯಿಲೆ ಮನುಷ್ಯರಿಗೇ ಬರೋದು. ಇಷ್ಟು ವರ್ಷ ಒಂದೇ ಬುರುಡೇಲಿ ಮಾಟೆ ಕುಡಿದಿದ್ದೀವಿ. ನಂಗೆ ಹೇಳಬಹುದಿತ್ತು. ಹೇಳದೇ ಇದ್ರೂ ಇರ್ಲಿ. ಊರಿನ ಮುಂದೆ ನನ್ನ ಮುಖಕ್ಕೆ ಮಸಿ ಬಳಿದಾಗ ಮನೇಲಿ ಒಲೆ ಕಾಯಿಸ್ಕೊಂಡು ಕೂತಿದ್ದೆಯಲ್ಲ, ಅದು ನಂಗೆ ಅರ್ಥ ಆಗಲ್ಲ ದಾರ್ದೊ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದ. ವಾಲ್ದೆಮಾರ್ ಕೂಡ ಬೆನ್ನು ತಟ್ಟಲಿಲ್ಲ, ಫೋನು ಬಂದ ಹಾಗೆ ಮಾಡಿ ಇನ್ನೊಂದು ಬಾಗಿಲಿಂದ ಹೊರಟ.

ನಿಬಿಯಾ ಮನೆಯವರೆಗೂ ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಒಂದು ಹೂಂ ಅಂದೆ ನೀನು. ನಾನು ಅದನ್ನ ಹೊತ್ಕೊಂಡು ಊರೆಲ್ಲ ಕೂಗ್ದೆ. ಹುಚ್ಚಿ ಥರ ಕೂಗ್ದೆ."

"ಹೇಳಬೇಕು ಅಂತಾನೇ ಬಂದೆ..."

"ನನ್ ಮುಂದೆನೂ ನಾಚ್ಕೆನಾ ನಿಂಗೆ?"



ಮರುದಿನ ಬೆಳಿಗ್ಗೆ ಅವಳು ಬಸ್‌ಸ್ಟ್ಯಾಂಡಿಗೆ ಹೋದಳು. ಬೈದ ಹೊತ್ತಿಗೇ ಹೋದಳು, ಅದೇ ಜನ ಇರಲಿ ಎಂದು. ಮೆಟ್ಟಿಲ ಹತ್ತಿರ ನಿಂತು, ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು: "ದೊನ್ ಎಲ್ಬಿಯೊ ಸುಳ್ಳು ಹೇಳಿಲ್ಲ. ನನ್ನ ಗಂಡ ತಾನಾಗೇ ಬಿಟ್ಟಿದ್ದು. ನಾನು ಅಂದ ಮಾತು ವಾಪಸ್ ತಗೋತಿದ್ದೀನಿ." ಯಾಕೆ ಬಿಟ್ಟ ಎಂದು ಹೇಳಲಿಲ್ಲ. ಒಬ್ಬ ಹೆಂಗಸು "ಹಂಗಾದ್ರೆ ನಮ್ ಬೀದಿಯೋರ ಕಟ್ಟಿಗೆನೂ ವಾಪಸ್ ಕೊಡ್ತೀಯಾ?" ಎಂದು ನಕ್ಕಳು. ನಿಬಿಯಾ ತಲೆ ತಗ್ಗಿಸದೆ ನಡೆದುಬಂದಳು, ಮನೆಗೆ ಬಂದು ಕದ ಹಾಕಿಕೊಂಡು ಅತ್ತಳು. ನಮ್ಮ ಮನೆಗೆ ಕೇಳಿಸಿತು.

ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಡಾಕ್ಟರು, ಮೆದುಳಿನಲ್ಲಿ ಸಣ್ಣ ಸೆಳವು, ಬೀಳುವುದಿಲ್ಲ, ಒದ್ದಾಡುವುದಿಲ್ಲ, ಸ್ವಲ್ಪ ಹೊತ್ತು ಮನುಷ್ಯ ಇದ್ದೂ ಇರುವುದಿಲ್ಲ, ಅಷ್ಟೆ ಎಂದರು. ಮಾತ್ರೆಗೆ ಹತೋಟಿಗೆ ಬರುತ್ತದೆ. ಪ್ರಯಾಣಿಕರ ಬಸ್ಸು ಮಾತ್ರ ಇನ್ನು ಮುಟ್ಟುವ ಹಾಗಿಲ್ಲ.

"ಸೇತುವೆ ಮೇಲೆ ಆಗಿದ್ದೇ ಮೊದಲಾ?" ಎಂದು ಕೇಳಿದರು.

ನಿಬಿಯಾ ಪಕ್ಕದಲ್ಲೇ ಕೂತಿದ್ದಳು. ಅವಳ ಕೈ ಅವನ ಕೈ ಮೇಲಿತ್ತು. ಹೌದು ಎಂದರೆ ಮುಗಿಯುತ್ತಿತ್ತು.

"ಅಲ್ಲ" ಎಂದ. "ಅದಕ್ಕೂ ಮೊದಲು ಒಂದು ಸಲ. ಎಲೆ ಉದುರೋ ಕಾಲದಲ್ಲಿ. ಬರೋ ದಾರೀಲಿ ಎರಡು ನಿಲ್ದಾಣ ದಾಟಿಬಿಟ್ಟಿದ್ದೆ, ಜನ ಕೂಗಿದಾಗ ಗೊತ್ತಾಯ್ತು."

"ಆಮೇಲೂ ಓಡಿಸ್ತಿದ್ರಾ?"

"ಓಡಿಸ್ತಿದ್ದೆ."

ನಿಬಿಯಾಳ ಕೈ ಹಗುರವಾಗಿ ಅವನ ಕೈಯಿಂದ ಎದ್ದಿತು. ಅವಳ ತಂಗಿಯ ಮೊಮ್ಮಗಳು ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದಳು. ಎಲೆ ಉದುರುವ ಕಾಲದಿಂದ ನಡುಚಳಿಗಾಲದವರೆಗೆ ದಿನಾ ಬೆಳಿಗ್ಗೆ ಆ ಮಗುವಿನ ನಿಲುವಂಗಿಯ ಕೊರಳಿಗೆ ನೀಲಿ ರಿಬ್ಬನ್ನಿನ ಗಂಟನ್ನು ತಾನೇ ಕಟ್ಟಿ, ಗಂಡನ ಬಸ್ಸು ಎಂಬ ಧೈರ್ಯದಲ್ಲಿ ಹತ್ತಿಸಿ ಕಳಿಸಿದ್ದಳು.

ಮನೆಗೆ ಬಂದ ಮೇಲೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದು ದಾರ್ದೊ ನನಗೆ ಹೇಳಿದ. ತಟ್ಟೆ ಇಟ್ಟಳು, ಮಾತ್ರೆ ಇಟ್ಟಳು, ನೀರು ಇಟ್ಟಳು. ಎಷ್ಟೋ ದಿನ ಹೊಲಿಗೆ ಯಂತ್ರ ಬಿಟ್ಟು ಬೇರೆ ಸದ್ದಿರಲಿಲ್ಲ. ಕೊನೆಗೆ ಒಂದು ಸಂಜೆ ಅವನೇ ಹೇಳಿದ, "ಪಾಸೊ ಓಂದೊಗೆ ಹೋಗ್ತೀನಿ. ಮಕ್ಕಳ ಮನೆಯೋರಿಗೆ ಹೇಳಬೇಕು."

ಅವಳು ದಾರ ಹಲ್ಲಿನಲ್ಲಿ ಕಡಿದಳು. "ಹೋಗು."

ಶನಿವಾರ ಶಾಲೆಯಲ್ಲಿ ಹೆತ್ತವರ ಸಭೆ ಇತ್ತು. ಅಲ್ಲಿಗೆ ಹೋಗಲು ದೊನ್ ಎಲ್ಬಿಯೊನ ಬಸ್ಸೇ ಗತಿ. ದಾರ್ದೊ ಟಿಕೆಟ್ ಕೊಂಡು ಹಿಂದಿನ ಸೀಟಿನಲ್ಲಿ ಕೂತ. ಮುದುಕ ಚಿಲ್ಲರೆ ಕೊಟ್ಟ, ಮಾತಾಡಲಿಲ್ಲ. ಹೊಸ ಡ್ರೈವರು ಒಬ್ಬ ಹೆಂಗಸು ಸಿಕ್ಕಿದ್ದಳು, ಅವಳಿಗೆ ದಾರಿ ತೋರಿಸಲು ಮುದುಕ ಪಕ್ಕದಲ್ಲಿ ಕೂತಿದ್ದ.

ಮಿರ್ತಾ ಟೀಚರ್ ಅವನಿಗೆ ಮಾತಾಡಲು ಬಿಟ್ಟಳು. ಅವನು ಮಕ್ಕಳ ಸಣ್ಣ ಬೆಂಚುಗಳ ಮುಂದೆ, ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಿಂತು ಎರಡನ್ನೂ ಹೇಳಿದ, ಸೇತುವೆಯದನ್ನೂ ಅದಕ್ಕೆ ಮೊದಲಿನದನ್ನೂ. ದನ ಅಡ್ಡ ಬಂತು ಅಂದಿದ್ದು ಸುಳ್ಳು ಎಂದೂ ಹೇಳಿದ. ಮಿರ್ತಾ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

ಒಬ್ಬ ತಂದೆ, ಕುರಿ ಕಾಯುವವನು, ಎದ್ದು ಹತ್ತಿರ ಬಂದ. ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ದಾರ್ದೊ ಕೂಡ ಅಂದುಕೊಂಡ, ಕೈ ಅಡ್ಡ ತರಲಿಲ್ಲ.

"ನನ್ನ ಮೂರು ಮಕ್ಕಳು ಅದರಲ್ಲಿದ್ವು" ಎಂದ ಆತ.

"ಗೊತ್ತು."

"ಮೂರೂ."

"ಗೊತ್ತು. ಒಬ್ಬೊಬ್ಬರ ಹೆಸರೂ ಗೊತ್ತು."

ಆತ ತಿರುಗಿ ಹೊರಗೆ ಹೋದ. ಹೊರಗೆ ಬೇಲಿ ಹಿಡಿದುಕೊಂಡು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಒಬ್ಬ ತಾಯಿ, ಹೇಳಿದ್ದು ಒಳ್ಳೆಯದಾಯಿತು ಎಂದಳು. ಇನ್ನೊಬ್ಬಳು, ಈಗ ಹೇಳಿ ಏನು ಪ್ರಯೋಜನ, ಸುಮ್ಮನಿದ್ದಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು ಎಂದಳು. ಇಬ್ಬರದೂ ಸರಿ ಅನ್ನಿಸಿತು ಅವನಿಗೆ. ಮನಸ್ಸು ಹಗುರವಾಗುತ್ತದೆ ಎಂದುಕೊಂಡು ಹೋಗಿದ್ದನಂತೆ, ಏನೂ ಆಗಲಿಲ್ಲವಂತೆ. ಬಸ್ಸು ಬರುವವರೆಗೆ ರಸ್ತೆಯ ಬದಿಯಲ್ಲಿ ಒಬ್ಬನೇ ನಿಂತಿದ್ದ.

ನಿರುದ್ಯೋಗ ಭತ್ಯೆ ಬರಲೇ ಇಲ್ಲ. ಕಾಯಿಲೆ ಭತ್ಯೆಗೆ ಹಾಕಿದ ಅರ್ಜಿಗೆ ವಾಲ್ದೆಮಾರ್ ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಬೇಸಿಗೆಯ ಹೊತ್ತಿಗೆ ಸ್ವಲ್ಪ ಭಾಗ ಮಂಜೂರಾಯಿತು. ದಾರ್ದೊ ಈಗ ನಿಬಿಯಾ ಹೊಲಿದ ನಿಲುವಂಗಿಗಳಿಗೆ ಗುಂಡಿ ಹಾಕುತ್ತಾನೆ, ಇಸ್ತ್ರಿ ಮಾಡಿ ಮನೆಮನೆಗೆ ನಡೆದು ಕೊಟ್ಟುಬರುತ್ತಾನೆ. ಬಾಗಿಲು ತೆರೆಯುವ ತಾಯಂದಿರಲ್ಲಿ ಕೆಲವರು ಒಳಗೆ ಕರೆಯುತ್ತಾರೆ, ಕೆಲವರು ಬಟ್ಟೆ ತೆಗೆದುಕೊಂಡು ಬಾಗಿಲು ಹಾಕುತ್ತಾರೆ. ತಂಗಿಯ ಮೊಮ್ಮಗಳ ಮನೆಗೆ ಮಾತ್ರ ನಿಬಿಯಾ ತಾನೇ ಹೋಗುತ್ತಾಳೆ.

ನಾನು ಕೊಟ್ಟ ಕಟ್ಟಿಗೆಗೆ ಬದಲಾಗಿ ಅವನು ನನ್ನ ಹಿತ್ತಲಿನ ಮರ ಕಡಿದು ಸೀಳಿ ಒಟ್ಟಿಕೊಟ್ಟ. ಬೇಡವೆಂದರೂ ಕೇಳಲಿಲ್ಲ. ಆ ಕೆಲಸದ ನಡುವೆಯೇ ಇದನ್ನೆಲ್ಲ ಹೇಳಿದ್ದು.

ದೊನ್ ಎಲ್ಬಿಯೊ ದಾರಿಯಲ್ಲಿ ಎದುರಾದರೆ ದಾರ್ದೊ ಟೋಪಿ ತೆಗೆಯುತ್ತಿದ್ದ. ಮುದುಕ ಕಾಣದವನಂತೆ ಹೋಗುತ್ತಿದ್ದ. ತಿಂಗಳುಗಟ್ಟಲೆ ಹಾಗೇ ನಡೆಯಿತು. ಮೊನ್ನೆ ಔಷಧದಂಗಡಿಯ ಮುಂದೆ ಇಬ್ಬರೂ ಎದುರುಬದುರಾದರು. ಜಾಗ ಕಿರಿದು, ಒಬ್ಬರು ಸರಿಯಲೇಬೇಕು. ಮುದುಕ ನಿಂತ. ದಾರ್ದೊನ ಕೈಯಲ್ಲಿದ್ದ ಪೊಟ್ಟಣ ನೋಡಿದ.

"ಮಾತ್ರೆ ತಗೋತಿದ್ದೀಯಾ?"

"ತಗೋತಿದ್ದೀನಿ."

"ಮತ್ತೆ ಬಂತಾ?"

"ಇಲ್ಲ. ಬಂದಿಲ್ಲ."

"ಹೂಂ" ಎಂದು ಮುದುಕ ಒಳಗೆ ಹೋದ.

ದಾರ್ದೊ ಮನೆಗೆ ಬಂದು ಹೆಂಡತಿಗೆ ಅದನ್ನು ಹೇಳಿದ. ನಿಬಿಯಾ ಯಂತ್ರ ನಿಲ್ಲಿಸಿ, "ಇನ್ನೇನಂದ್ರು?" ಎಂದು ಕೇಳಿದಳು. ಇನ್ನೇನೂ ಅನ್ನಲಿಲ್ಲ ಎಂದ. ಅವಳು ಮತ್ತೊಮ್ಮೆ ಮೊದಲಿಂದ ಹೇಳಿಸಿಕೊಂಡಳು, ಯಾರು ಮೊದಲು ನಿಂತದ್ದು, ದನಿ ಹೇಗಿತ್ತು, ಎಲ್ಲ. ಆಮೇಲೆ ಅವನಿಗೆ ಕುರ್ಚಿ ಸರಿಸಿ, ಗುಂಡಿಯ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟಳು.